ವಿದೇಶದಿಂದ ಅಂಗವಿಕಲ ನಾಯಿಯನ್ನು ದತ್ತು ತರುವುದು: ಯಾವುದು ಮೊದಲು, ಯಾವುದು ಆಮೇಲೆ

ಹಿಂಗಾಲುಗಳಲ್ಲಿ ಸ್ವಾಧೀನವಿಲ್ಲದ ನಾಯಿಯೊಂದರ ಚಿತ್ರ ಕಣ್ಣಿಗೆ ಬೀಳುತ್ತದೆ, ಮನಸ್ಸು ಕರಗುತ್ತದೆ. ಮರುದಿನವೇ ವೀಲ್‌ಚೇರ್ ಹುಡುಕಾಟ, ಅದರ ಮರುದಿನ ವಿಮಾನದ ವಿಚಾರಣೆ. ಮೂರು ತಿಂಗಳು ಕಳೆದರೂ ನಾಯಿ ಅಲ್ಲೇ ಉಳಿದಿರುತ್ತದೆ, ಇಲ್ಲವೇ ಬಂದ ಹದಿನೈದು ದಿನಕ್ಕೇ ಅದಕ್ಕೆ ಬೇರೆ ಮನೆ ಹುಡುಕುವ ಪರಿಸ್ಥಿತಿ ಬಂದಿರುತ್ತದೆ. ಇಂಥ ಪ್ರಸಂಗಗಳನ್ನು ಬಿಡಿಸಿ ನೋಡಿದರೆ ಹೆಚ್ಚಾಗಿ ಸಿಗುವ ಕಾರಣ ಎರಡು. ಕಾಗದಪತ್ರಗಳನ್ನು ತಲೆಕೆಳಗಾದ ಕ್ರಮದಲ್ಲಿ ಮಾಡಿಸಿರುತ್ತಾರೆ. ಮತ್ತೊಂದು, ನಾಯಿ ಹೇಗೆ ನಡೆಯುತ್ತದೆ ಎಂದು ಹತ್ತು ಸಲ ಕೇಳಿದವರು ಅದು ಹೇಗೆ ಮೂತ್ರ ಮಾಡುತ್ತದೆ ಎಂದು ಒಮ್ಮೆಯೂ ಕೇಳಿರುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಯಾವ ದೇಶದಿಂದ ಯಾವ ದೇಶಕ್ಕೆ ಎಂಬುದರ ಮೇಲೆ ಇಡೀ ಕೆಲಸಕ್ಕೆ ಒಂದು ತಿಂಗಳೂ ಹಿಡಿಯಬಹುದು, ಎಂಟು ತಿಂಗಳೂ ಹಿಡಿಯಬಹುದು.

ಹಂತ 1: ಕಾಲಿಗಿಂತ ಮೊದಲು ಮೂತ್ರಕೋಶದ ಬಗ್ಗೆ ಕೇಳಿ

ಅಂಗವೈಕಲ್ಯ ಎಂಬ ಒಂದೇ ಪದದ ಕೆಳಗೆ ತೀರಾ ಬೇರೆಬೇರೆ ಬದುಕುಗಳಿವೆ. ಕುರುಡು ನಾಯಿಗೆ ಮನೆಯ ನಕ್ಷೆ ತಲೆಯಲ್ಲಿ ಕೂತರೆ ಸಾಕು. ಪೀಠೋಪಕರಣಗಳನ್ನು ಜರುಗಿಸದಿದ್ದರೆ ಕೆಲವೇ ವಾರಗಳಲ್ಲಿ ಅದು ಸಲೀಸಾಗಿ ಓಡಾಡುತ್ತದೆ. ಕಿವುಡು ನಾಯಿ ಕೈಸನ್ನೆಗಳನ್ನು ಬೇಗ ಕಲಿಯುತ್ತದೆ. ಮಲಗಿರುವಾಗ ಹಿಂದಿನಿಂದ ಮುಟ್ಟಿ ಬೆಚ್ಚಿಬೀಳಿಸಬಾರದು, ಬೇಲಿಯಿಲ್ಲದ ಕಡೆ ಬಿಡಬಾರದು. ಮೂರು ಕಾಲಿನ ನಾಯಿಯಾದರೆ ಕಳೆದುಕೊಂಡದ್ದು ಮುಂಗಾಲೋ ಹಿಂಗಾಲೋ ಎಂದು ಕೇಳಿ. ನಾಯಿಯ ದೇಹದ ಭಾರದ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಆದ್ದರಿಂದ ಒಂದು ಮುಂಗಾಲಿಲ್ಲದ ನಾಯಿಯ ಉಳಿದ ಭುಜ ಹೆಚ್ಚು ದುಡಿಯಬೇಕಾಗುತ್ತದೆ, ಬೇಗ ಸವೆಯುತ್ತದೆ.

ನಿಜವಾದ ಕಷ್ಟ ಇರುವುದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ನಾಯಿಯಲ್ಲಿ. ಅದರ ಕಾಲುಗಳಿಗೆ ಗಾಲಿ ಕಟ್ಟಬಹುದು, ಮೂತ್ರಕೋಶಕ್ಕೆ ಕಟ್ಟಲಾಗುವುದಿಲ್ಲ. ಬಹಳಷ್ಟು ಇಂಥ ನಾಯಿಗಳ ಹೊಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಬಾರಿ ಕೈಯಿಂದ ಒತ್ತಿ ಮೂತ್ರ ಹೊರತೆಗೆಯಬೇಕು, ಜೀವನಪೂರ್ತಿ. ನಿಮ್ಮ ಕೆಲಸ, ನಿದ್ದೆ, ಪ್ರವಾಸ ಎಲ್ಲವೂ ಈ ಆರೆಂಟು ಗಂಟೆಗಳ ಗಡಿಯಾರಕ್ಕೆ ಹೊಂದಿಕೊಳ್ಳಬೇಕು.

ಇಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ನಾಯಿಯನ್ನು ಸದ್ಯ ನೋಡಿಕೊಳ್ಳುತ್ತಿರುವ ಅಲ್ಲಿನವರು ‘ತಾನೇ ಮೂತ್ರ ಮಾಡುತ್ತದೆ’ ಎನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ, ಹಾಸಿಗೆ ಒದ್ದೆಯಾಗುವುದನ್ನು ಅವರು ನೋಡಿದ್ದಾರೆ. ಆದರೆ ತುಂಬಿದ ಮೂತ್ರಕೋಶದಿಂದ ಉಕ್ಕಿ ತೊಟ್ಟಿಕ್ಕುವುದು ಬೇರೆ, ಮೂತ್ರಕೋಶ ಖಾಲಿಯಾಗುವುದು ಬೇರೆ. ಒಳಗೆ ಉಳಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ, ಅದು ಮೂತ್ರಪಿಂಡಕ್ಕೆ ಏರಬಹುದು. ಆದ್ದರಿಂದ ಈ ಪ್ರಶ್ನೆಗಳನ್ನು ಬರಹದಲ್ಲೇ ಕಳುಹಿಸಿ, ಬರಹದಲ್ಲೇ ಉತ್ತರ ಪಡೆಯಿರಿ: ದಿನಕ್ಕೆ ಎಷ್ಟು ಬಾರಿ ಒತ್ತಿ ತೆಗೆಯುತ್ತೀರಿ? ಕೊನೆಯ ಮೂತ್ರ ಕಲ್ಚರ್ ಪರೀಕ್ಷೆ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವುದು) ಯಾವಾಗ ಆಯಿತು? ಮಲ ವಿಸರ್ಜನೆಯ ಅರಿವು ಇದೆಯೇ? ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟಿದಾಗ ನೋವು ತಿಳಿಯುತ್ತದೆಯೇ, ಅದನ್ನು ಪರೀಕ್ಷಿಸಿದವರು ವೈದ್ಯರೇ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಆಳವಾದ ನೋವಿನ ಅರಿವು ಬಹುಕಾಲದಿಂದ ಇಲ್ಲದಿದ್ದರೆ ನಾಯಿ ಮುಂದೆ ಎದ್ದು ನಡೆಯುವ ಸಾಧ್ಯತೆ ತೀರಾ ಕಡಿಮೆ. ‘ಸ್ವಲ್ಪ ವ್ಯಾಯಾಮ ಮಾಡಿಸಿದರೆ ಸರಿಹೋಗುತ್ತದೆ’ ಎಂಬ ಮಾತಿನ ಮೇಲೆ ದತ್ತು ತೆಗೆದುಕೊಳ್ಳಬೇಡಿ. ನಾಯಿ ಇಂದು ಹೇಗಿದೆಯೋ ಹಾಗೆಯೇ ಹತ್ತು ವರ್ಷ ಇದ್ದರೂ ಸರಿ ಎನ್ನಿಸಿದರೆ ಮಾತ್ರ ಮುಂದಿನ ಹಂತ.

ಹಂತ 2: ಕತ್ತರಿಸದ ವಿಡಿಯೊ, ಪೂರ್ತಿ ದಾಖಲೆ

ಸಂಗೀತ ಹಾಕಿದ ಅರ್ಧ ನಿಮಿಷದ ತುಣುಕಿನಿಂದ ಏನೂ ತಿಳಿಯದು. ನಿಮಗೆ ಬೇಕಾದ್ದು ಒಂದೇ ಓಟದಲ್ಲಿ ತೆಗೆದ ನಾಲ್ಕೈದು ನಿಮಿಷ. ನಾಯಿ ಮಲಗಿದಲ್ಲಿಂದ ಏಳುವುದು, ನುಣುಪು ನೆಲದ ಮೇಲೆ ಚಲಿಸುವುದು, ಒಬ್ಬರು ಅದರ ಹಿಂಭಾಗವನ್ನು ಹಿಡಿದೆತ್ತುವುದು, ಮೂತ್ರ ತೆಗೆಯುವುದು, ಊಟದ ತಟ್ಟೆಯ ಹತ್ತಿರ ಇನ್ನೊಂದು ನಾಯಿ ಬಂದಾಗ ಅದರ ವರ್ತನೆ. ಸಾಧ್ಯವಾದರೆ ನೇರ ಕರೆಯಲ್ಲಿ ಇದನ್ನೆಲ್ಲ ತೋರಿಸಲು ಕೇಳಿ.

ಹಿಂಭಾಗ ಮುಟ್ಟಿದಾಗ ಅದು ತಿರುಗಿ ಕಚ್ಚಲು ಬಂದರೆ ‘ಕೋಪಿಷ್ಠ’ ಎಂದು ತಳ್ಳಿಹಾಕುವುದಕ್ಕೂ, ‘ಪ್ರೀತಿ ಸಿಕ್ಕಿದರೆ ಬದಲಾಗುತ್ತದೆ’ ಎಂದು ಒಪ್ಪಿಕೊಳ್ಳುವುದಕ್ಕೂ ಮುಂಚೆ ನೋವಿಗಾಗಿ ತಪಾಸಣೆ ಮಾಡಿಸಲು ಹೇಳಿ. ದಿನಕ್ಕೆ ನಾಲ್ಕು ಬಾರಿ ಮುಟ್ಟಿಸಿಕೊಳ್ಳಬೇಕಾದ ನಾಯಿಗೆ ಮುಟ್ಟುವುದೇ ನೋವಾದರೆ ಇಬ್ಬರಿಗೂ ನರಕ.

ದಾಖಲೆಗಳಲ್ಲಿ ಎಕ್ಸ್‌ರೇ ಚಿತ್ರಗಳ ಮೂಲ ಪ್ರತಿ, ಎಂಆರ್‌ಐ ಆಗಿದ್ದರೆ ಅದರ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಈಗ ಕೊಡುತ್ತಿರುವ ಔಷಧಗಳ ಹೆಸರು ಮತ್ತು ಪ್ರಮಾಣ ಇರಬೇಕು. ಇವನ್ನು ನಿಮ್ಮ ಪಶುವೈದ್ಯರಿಗೆ ತೋರಿಸಿ ಒಂದೇ ಪ್ರಶ್ನೆ ಕೇಳಿ: ‘ಇದು ನಿಮ್ಮ ಆರೈಕೆಗೆ ಬಂದರೆ ಮೊದಲ ವರ್ಷ ಏನೇನು ಬೇಕಾಗಬಹುದು?’ ಸಾಕುಪ್ರಾಣಿ ವಿಮೆ ಈಗಾಗಲೇ ಇರುವ ಕಾಯಿಲೆಗಳನ್ನು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ಅಂದರೆ ಆ ಪಟ್ಟಿಯ ಬಹುಪಾಲು ನಿಮ್ಮ ಜೇಬಿನಿಂದಲೇ.

ಹಂತ 3: ಕಳುಹಿಸುವವರು ಯಾರು?

ಪ್ರಾಮಾಣಿಕ ಸಂಸ್ಥೆ ನಿಮ್ಮನ್ನೇ ಪರೀಕ್ಷಿಸುತ್ತದೆ. ಮನೆ ನೋಡಬೇಕು ಎನ್ನುತ್ತದೆ, ಕೆಲಸದ ವೇಳೆ ಕೇಳುತ್ತದೆ, ಕೆಲವೊಮ್ಮೆ ಕಿರಿಕಿರಿಯಾಗುವಷ್ಟು ಪ್ರಶ್ನೆ ಹಾಕುತ್ತದೆ. ಏನನ್ನೂ ಕೇಳದೆ ಹಣ ಮಾತ್ರ ಕೇಳುವವರ ಬಗ್ಗೆ ಅನುಮಾನವಿರಲಿ.

ಒಪ್ಪಂದದಲ್ಲಿ ಒಂದು ಸಾಲು ಇದ್ದೇ ತೀರಬೇಕು: ಹೊಂದಿಕೆಯಾಗದಿದ್ದರೆ ನಾಯಿಯನ್ನು ಯಾರು, ಎಲ್ಲಿ, ಎಷ್ಟು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತಾರೆ? ಕಡಲಾಚೆಯ ಸಂಸ್ಥೆ ‘ನಾವಿದ್ದೇವೆ’ ಎಂದರೆ ಅದಕ್ಕೆ ಅರ್ಥವಿಲ್ಲ. ನಿಮ್ಮ ದೇಶದಲ್ಲೇ ತಾತ್ಕಾಲಿಕ ಮನೆ ಕೊಡುವವರು ಯಾರು ಎಂಬುದು ಹೆಸರು ಸಮೇತ ಬೇಕು. ಸ್ವಾಧೀನವಿಲ್ಲದ ನಾಯಿಯನ್ನು ಸ್ಥಳೀಯ ಆಶ್ರಯಧಾಮಗಳು ತೆಗೆದುಕೊಳ್ಳಲು ಹಿಂಜರಿಯುತ್ತವೆ ಎಂಬುದನ್ನೂ ನೆನಪಿಡಿ.

ಹಿಂದೆ ಸರಿಯಬೇಕಾದ ಸೂಚನೆಗಳು ಇವು. ನೇರ ಕರೆಗೆ ಸದಾ ಒಂದಲ್ಲ ಒಂದು ನೆಪ. ಹಣ ಖಾಸಗಿ ವ್ಯಕ್ತಿಯ ಖಾತೆಗೆ. ನಾಯಿಯ ಚರ್ಮದಡಿ ಇರಿಸಿದ ಗುರುತಿನ ಚಿಪ್‌ನ ಸಂಖ್ಯೆ ಕೊಡಲು ನಿರಾಕರಣೆ. ‘ಇವತ್ತು ನಿರ್ಧರಿಸದಿದ್ದರೆ ನಾಳೆ ಕೊಂದುಬಿಡುತ್ತಾರೆ’ ಎಂಬ ಒತ್ತಡ. ಆ ಕೊನೆಯದು ಕೆಲವೊಮ್ಮೆ ನಿಜವೇ ಇರಬಹುದು, ಅದೇ ಅದರ ಬಲ. ಆದರೂ ಒಂದು ರಾತ್ರಿಯಲ್ಲಿ ತೆಗೆದುಕೊಳ್ಳುವ ನಿರ್ಧಾರ ಇದಲ್ಲ.

ಹಂತ 4: ಹೊರಡುವ ಮೊದಲೇ ಸೋಂಕು ಪರೀಕ್ಷೆ

ನಾಯಿ ಬೆಳೆದ ಪ್ರದೇಶದ ಸೋಂಕುಗಳು ಅದರೊಂದಿಗೇ ಪ್ರಯಾಣಿಸುತ್ತವೆ. ಮೆಡಿಟರೇನಿಯನ್ ಸುತ್ತಲಿನ ದೇಶಗಳಿಂದ ಬರುವ ನಾಯಿಗೆ ಲೀಶ್ಮೇನಿಯಾ ಪರೀಕ್ಷೆ ಅಗತ್ಯ. ಮರಳುನೊಣದಿಂದ ಹರಡುವ ಈ ಪರೋಪಜೀವಿ ಸೋಂಕು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು. ರಕ್ತ ಹೀರುವ ಉಣ್ಣೆಹುಳುಗಳಿಂದ ಬರುವ ಎರ್ಲಿಕಿಯಾ, ಬೆಬಿಸಿಯಾ, ಅನಾಪ್ಲಾಸ್ಮಾ, ಸೊಳ್ಳೆಯಿಂದ ಬರುವ ಹೃದಯ ಹುಳು, ಇವೂ ಪಟ್ಟಿಯಲ್ಲಿರಲಿ. ಹೃದಯ ಹುಳುವಿನ ಆ್ಯಂಟಿಜೆನ್ ಪರೀಕ್ಷೆ ಸೋಂಕು ತಗುಲಿ ಸುಮಾರು ಆರು ತಿಂಗಳ ನಂತರವಷ್ಟೇ ಅದನ್ನು ಹಿಡಿಯುತ್ತದೆ. ಹಾಗಾಗಿ ಇಂದಿನ ‘ಇಲ್ಲ’ ಎಂಬ ಫಲಿತಾಂಶ ಅರ್ಧ ಉತ್ತರ ಮಾತ್ರ.

ಬ್ರೂಸೆಲ್ಲಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಇದು ಮನುಷ್ಯರಿಗೂ ತಗುಲಬಹುದು, ನಾಯಿಯನ್ನು ಪೂರ್ತಿ ಗುಣಪಡಿಸಿದೆವು ಎಂದು ಹೇಳಬಲ್ಲ ಚಿಕಿತ್ಸೆಯಿಲ್ಲ. ಹೆರಿಗೆಯ ಸ್ರಾವಗಳಲ್ಲಿ ಮಾತ್ರವಲ್ಲ, ಮೂತ್ರದಲ್ಲೂ ರೋಗಾಣು ಇರಬಹುದು. ಇದೇ ಬ್ಯಾಕ್ಟೀರಿಯಾ ಬೆನ್ನೆಲುಬಿನ ಬಿಲ್ಲೆಗಳಿಗೆ ಸೋಂಕು ತಂದು ನಾಯಿಯನ್ನು ಕುಂಟಾಗಿಸುವುದೂ ಉಂಟು. ದಿನಕ್ಕೆ ನಾಲ್ಕು ಬಾರಿ ಮೂತ್ರ ಮುಟ್ಟುವ ನಿಮಗೆ ಈ ಪರೀಕ್ಷೆಯ ಫಲಿತಾಂಶ ಬೇರೆಲ್ಲರಿಗಿಂತ ಮುಖ್ಯ. ಪ್ರತಿಕಾಯಗಳು ರಕ್ತದಲ್ಲಿ ಕಾಣಲು ಮೂರು ತಿಂಗಳವರೆಗೂ ಹಿಡಿಯಬಹುದು. ಬೀದಿಯಿಂದ ಈಗಷ್ಟೇ ತಂದ ನಾಯಿಯಾದರೆ ಮರುಪರೀಕ್ಷೆ ಬೇಕು. ಮನೆಯಲ್ಲಿ ಗರ್ಭಿಣಿಯರೋ ರೋಗನಿರೋಧಕ ಶಕ್ತಿ ಕುಗ್ಗಿದವರೋ ಇದ್ದರೆ ಫಲಿತಾಂಶ ಕೈಗೆ ಬರುವವರೆಗೆ ಪ್ರಯಾಣದ ಮಾತೇ ಬೇಡ.

ಹಂತ 5: ಮೊದಲು ಚಿಪ್, ಆಮೇಲೆ ಲಸಿಕೆ, ಕೊನೆಗೆ ರಕ್ತ

ಅತಿ ಹೆಚ್ಚು ನಾಯಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಐಎಸ್‌ಒ 11784 ಮತ್ತು 11785 ಮಾನದಂಡದ 15 ಅಂಕಿಯ ಮೈಕ್ರೋಚಿಪ್ ಮೊದಲು. ರೇಬಿಸ್ ಲಸಿಕೆ ಅದೇ ದಿನ ಅಥವಾ ನಂತರ. ಚಿಪ್‌ಗಿಂತ ಮುಂಚೆ ಕೊಟ್ಟ ಲಸಿಕೆ ನಾಯಿಯ ಮೈಯಲ್ಲಿದ್ದರೂ ಕಾಗದದ ಮೇಲೆ ಇಲ್ಲ. ಬಹುತೇಕ ಅಧಿಕಾರಿಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮತ್ತೆ ಮೊದಲಿಂದ ಶುರು.

ಐರೋಪ್ಯ ಒಕ್ಕೂಟದ ಸಾಮಾನ್ಯ ನಿಯಮದಲ್ಲಿ ಲಸಿಕೆ ಹಾಕಿಸುವಾಗ ಮರಿಗೆ ಕನಿಷ್ಠ 12 ವಾರ ತುಂಬಿರಬೇಕು, ಮೊದಲ ಲಸಿಕೆಯ ನಂತರ 21 ದಿನ ಕಾಯಬೇಕು. ರೇಬಿಸ್ ವಿಷಯದಲ್ಲಿ ಒಕ್ಕೂಟ ಒಪ್ಪಿರುವ ದೇಶಗಳ ಪಟ್ಟಿಯಲ್ಲಿಲ್ಲದ ದೇಶದಿಂದ ಬರುವ ನಾಯಿಗೆ ಟೈಟರ್ ಪರೀಕ್ಷೆಯೂ, ಅಂದರೆ ಲಸಿಕೆಯಿಂದ ರಕ್ತದಲ್ಲಿ ಎಷ್ಟು ಪ್ರತಿಕಾಯ ಹುಟ್ಟಿದೆ ಎಂದು ಅಳೆಯುವುದೂ ಬೇಕು. ಲಸಿಕೆಯಾಗಿ ಕನಿಷ್ಠ 30 ದಿನಕ್ಕೆ ರಕ್ತ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಪ್ರತಿಕಾಯದ ಮಟ್ಟ ಪ್ರತಿ ಮಿಲಿಲೀಟರ್‌ಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕೂಡಿಸಿ ನೋಡಿ, ಎಲ್ಲವೂ ಸರಿಯಾಗಿ ನಡೆದರೂ ನಾಲ್ಕು ತಿಂಗಳು. ನಡುವೆ ಲಸಿಕೆಯ ಅವಧಿ ಮುಗಿದು ಬೂಸ್ಟರ್ ಒಂದೇ ಒಂದು ದಿನ ತಡವಾದರೂ ಲೆಕ್ಕ ಸೊನ್ನೆಗೆ ಮರಳುತ್ತದೆ.

ಬೇರೆ ದೇಶಗಳು ಬೇರೆ ಹಗ್ಗ ಕಟ್ಟಿವೆ. ಅಮೆರಿಕ 2024ರ ಆಗಸ್ಟ್ 1ರಿಂದ ಒಳಬರುವ ಪ್ರತಿ ನಾಯಿಗೂ ಕನಿಷ್ಠ ಆರು ತಿಂಗಳ ವಯಸ್ಸು, ಮೈಕ್ರೋಚಿಪ್ ಮತ್ತು ಮೊದಲೇ ತುಂಬಿದ ಆಮದು ಅರ್ಜಿ ಕೇಳುತ್ತದೆ. ರೇಬಿಸ್ ಅಪಾಯ ಹೆಚ್ಚಿರುವ ದೇಶಗಳಿಂದ ಬಂದರೆ ಇನ್ನಷ್ಟು ಷರತ್ತುಗಳಿವೆ. ಬ್ರಿಟನ್, ಐರ್ಲೆಂಡ್, ಮಾಲ್ಟಾ, ಫಿನ್‌ಲೆಂಡ್, ನಾರ್ವೆ ದೇಶಗಳನ್ನು ಪ್ರವೇಶಿಸುವ ನಾಯಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 24ರಿಂದ 120 ಗಂಟೆ ಮುಂಚೆ ಲಾಡಿಹುಳುವಿನ ಔಷಧ ಕೊಡಿಸಿ ವೈದ್ಯರಿಂದ ಬರೆಸಿರಬೇಕು. ಆಸ್ಟ್ರೇಲಿಯಕ್ಕೆ ಹೋಗುವ ಹೆಚ್ಚಿನ ನಾಯಿಗಳು ಟೈಟರ್ ಪರೀಕ್ಷೆಯ ರಕ್ತ ಪ್ರಯೋಗಾಲಯ ತಲುಪಿದ ಮೇಲೆ 180 ದಿನ ಕಾಯಬೇಕು, ಆಮೇಲೂ ಕ್ವಾರಂಟೈನ್ ಕಾದಿರುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ತಲುಪುವ ದೇಶದ ಸರ್ಕಾರಿ ಪುಟವನ್ನು ಆರಂಭದಲ್ಲೊಮ್ಮೆ, ಟಿಕೆಟ್ ಕಾಯ್ದಿರಿಸುವ ಮುಂಚೆ ಮತ್ತೊಮ್ಮೆ ನೀವೇ ಓದಿ. ಸಂಸ್ಥೆಯ ಮಾತನ್ನು ಮಾತ್ರ ನಂಬಬೇಡಿ.

ಅಂಗವಿಕಲ ನಾಯಿಗೆ ಒಂದು ಹೆಚ್ಚುವರಿ ಕಾಗದ ಮಾಡಿಸಿ. ಬಂದಿಳಿದಾಗ ನಾಯಿ ಆರೋಗ್ಯವಾಗಿ ಕಾಣಬೇಕು ಎಂಬ ಷರತ್ತು ಹಲವೆಡೆ ಇದೆ. ಕಾಲೆಳೆಯುವ ನಾಯಿಯನ್ನು ಕಂಡ ಅಧಿಕಾರಿಗೆ ಅದು ಹೊಸ ಕಾಯಿಲೆಯೋ ಹಳೆಯ ಗಾಯವೋ ತಿಳಿಯದು, ಕೆಲವೊಮ್ಮೆ ರೇಬಿಸ್‌ನ ಪಾರ್ಶ್ವವಾಯುವಿನ ಅನುಮಾನವೂ ಬರಬಹುದು. ‘ಇದು ಇಂಥ ದಿನಾಂಕದ ಹಳೆಯ ಗಾಯ, ಸ್ಥಿರವಾಗಿದೆ, ಸಾಂಕ್ರಾಮಿಕವಲ್ಲ, ಪ್ರಯಾಣಕ್ಕೆ ಯೋಗ್ಯ’ ಎಂದು ಪಶುವೈದ್ಯರ ಸಹಿಯುಳ್ಳ ಪತ್ರ, ಚಿಪ್ ಸಂಖ್ಯೆ ಸಮೇತ, ಮೇಲುಗಡೆಯೇ ಇರಲಿ.

ಇನ್ನೊಂದು ಅಡ್ಡದಾರಿಯ ಬಗ್ಗೆ. ಪ್ರಯಾಣಿಕರೊಬ್ಬರು ನಾಯಿ ತಮ್ಮದೇ ಎಂದು ಹೇಳಿ ತಂದುಕೊಡುವ ವ್ಯವಸ್ಥೆ ಸುಲಭವಾಗಿ ಕಾಣುತ್ತದೆ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್‌ನಲ್ಲಿ ದತ್ತು ಕೊಡಲು ತರುವ ನಾಯಿಗೆ ವಾಣಿಜ್ಯ ಸಾಗಣೆಯ ನಿಯಮವೇ ಅನ್ವಯ, ಅದರ ಪ್ರಮಾಣಪತ್ರವೇ ಬೇರೆ. ಸಿಕ್ಕಿಬಿದ್ದರೆ ನಾಯಿ ಕ್ವಾರಂಟೈನ್‌ಗೆ ಹೋಗುತ್ತದೆ ಅಥವಾ ವಾಪಸಾಗುತ್ತದೆ. ಕ್ವಾರಂಟೈನ್ ಕೋಣೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಅದರ ಮೂತ್ರ ತೆಗೆಯುವವರು ಯಾರು ಎಂದು ಯೋಚಿಸಿ.

ಹಂತ 6: ಕಾಯುವ ತಿಂಗಳುಗಳಲ್ಲಿ ಮನೆ ಮತ್ತು ಕೈ

ನಾಯಿ ಓಡಾಡುವ ದಾರಿಯುದ್ದಕ್ಕೂ ಜಾರದ ಚಾಪೆ ಹಾಸಿ. ಮೆಟ್ಟಿಲಿಗೆ ಅಡ್ಡಗೇಟು ಇರಲಿ. ತೊಳೆಯಬಹುದಾದ ಹೊದಿಕೆಯ ದಪ್ಪ ಫೋಮ್ ಹಾಸಿಗೆ ಎರಡು ಬೇಕು, ಒಂದು ಒಗೆಯಲು ಹೋದಾಗ ಇನ್ನೊಂದು. ಹೀರುವ ಪ್ಯಾಡ್‌ಗಳು, ಹಿಂಭಾಗವನ್ನು ಎತ್ತಲು ಹಿಡಿಯುಳ್ಳ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ), ಚರ್ಮಕ್ಕೆ ಹಚ್ಚುವ ರಕ್ಷಕ ಮುಲಾಮು. ಸದ್ಯಕ್ಕೆ ಇಷ್ಟೇ.

ವೀಲ್‌ಚೇರ್ ಈಗ ಬೇಡ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕಥೆಯಾಗುತ್ತದೆ. ಆಶ್ರಯಧಾಮದಲ್ಲಿ ತೆಗೆದ ಅಳತೆ, ನಾಯಿ ಬಂದು ಎರಡು ತಿಂಗಳು ಚೆನ್ನಾಗಿ ಉಂಡ ಮೇಲೆ ಉಳಿಯುವುದಿಲ್ಲ.

ಅದರ ಬದಲು ಮೂತ್ರ ತೆಗೆಯುವುದನ್ನು ಪಶುವೈದ್ಯರ ಕೈಕೆಳಗೆ ಕಲಿಯಿರಿ. ವಿಡಿಯೊ ನೋಡಿ ಕಲಿತವರು ಹೊಟ್ಟೆ ಹಿಂಡುತ್ತಾರೆ. ಬೇಕಾದ್ದು ಹಿಂಡುವಿಕೆಯಲ್ಲ, ನೀರು ತುಂಬಿದ ಬಲೂನಿನಂತಿರುವ ಮೂತ್ರಕೋಶವನ್ನು ಬೆರಳುಗಳಲ್ಲಿ ಗುರುತಿಸಿ ಎರಡೂ ಬದಿಯಿಂದ ನಿಧಾನವಾಗಿ, ಸಮನಾಗಿ ಕೊಡುವ ಒತ್ತಡ. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಬರಬೇಕು. ಒಬ್ಬರಿಗೇ ಗೊತ್ತಿದ್ದರೆ ಅವರಿಗೆ ಜ್ವರ ಬಂದ ದಿನ ನಾಯಿ ಆಸ್ಪತ್ರೆ ಸೇರುತ್ತದೆ.

ಹಂತ 7: ಪ್ರಯಾಣ

ಪೆಟ್ಟಿಗೆಯ ಅಳತೆಗೆ ವಿಮಾನಯಾನ ಸಂಸ್ಥೆಗಳು ಅನುಸರಿಸುವುದು ಐಎಟಿಎ (ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘ) ನಿಯಮವನ್ನು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜಗಳ ಅಗಲದ ಎರಡರಷ್ಟು ಅದರ ಅಗಲ. ನಿಂತಾಗಿನ ಎತ್ತರದ ಜೊತೆಗೆ ಹಾಸಿನ ದಪ್ಪ ಸೇರಿಸಿದರೆ ಅದರ ಎತ್ತರ. ನಿಲ್ಲಲಾಗದ ನಾಯಿಯನ್ನು ಇಬ್ಬರು ಎತ್ತಿಹಿಡಿದು ಅಳೆಯಬೇಕು. ಮಲಗಿಸಿ ಅಳೆದ ಪೆಟ್ಟಿಗೆಯನ್ನು ಕೌಂಟರ್‌ನಲ್ಲೇ ತಿರಸ್ಕರಿಸಿದ ಉದಾಹರಣೆಯನ್ನು ಕಂಡಿದ್ದೇನೆ.

ಒಳಗೆ ದಪ್ಪ ಹೀರುವ ಹಾಸು ಹಾಕಿ, ಸೊಂಟದ ಮೂಳೆ ಒತ್ತುವ ಜಾಗದಲ್ಲಿ ಎರಡು ಪದರ. ಹೊರಡುವ ತಾಸಿನೊಳಗೆ ಮೂತ್ರಕೋಶ ಖಾಲಿ ಮಾಡಿಸಬೇಕು. ಒಟ್ಟು ಸಮಯವನ್ನು ಹಾರಾಟದ ಅವಧಿಯಿಂದ ಲೆಕ್ಕ ಹಾಕಬೇಡಿ. ಪೆಟ್ಟಿಗೆ ಮುಚ್ಚಿದ ಕ್ಷಣದಿಂದ ತೆರೆಯುವ ಕ್ಷಣದವರೆಗೆ ಲೆಕ್ಕ ಹಾಕಿ. ಅದು ಎಂಟು ಗಂಟೆ ಮೀರಿದರೆ ನಡುವೆ ಆರೈಕೆಯ ನಿಲುಗಡೆ ಇರುವ ಮಾರ್ಗವನ್ನೇ ಹುಡುಕಿ, ಇಲ್ಲವೇ ರಸ್ತೆ ಸಾಗಣೆ ಸಾಧ್ಯವೇ ನೋಡಿ.

ನಿದ್ದೆಯ ಔಷಧ ಕೊಡಬೇಡಿ. ಅದು ರಕ್ತದೊತ್ತಡವನ್ನೂ ಸಮತೋಲವನ್ನೂ ಕೆಡಿಸುತ್ತದೆ, ಹಲವು ವಿಮಾನಯಾನ ಸಂಸ್ಥೆಗಳು ಅಂಥ ನಾಯಿಯನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಹೊರಡುವ ಮೂರು ನಾಲ್ಕು ವಾರ ಮುಂಚಿನಿಂದ ಪೆಟ್ಟಿಗೆಯಲ್ಲೇ ಊಟ, ನಿದ್ದೆ ಮಾಡಿಸುವುದು ನಿಜವಾದ ಔಷಧ. ಹಾರ್ನೆಸ್‌ಗಳನ್ನು ಬಿಚ್ಚಿ ಪ್ರತ್ಯೇಕವಾಗಿ ಕಳುಹಿಸಲಿ, ಪೆಟ್ಟಿಗೆಯೊಳಗೆ ಸಿಕ್ಕಿಕೊಳ್ಳುವ ಯಾವ ಪಟ್ಟಿಯೂ ಇರಬಾರದು.

ಹಂತ 8: ಮೊದಲ ರಾತ್ರಿಯಿಂದ ಮೂರನೆಯ ದಿನದವರೆಗೆ

ವಿಮಾನ ನಿಲ್ದಾಣದ ವಾಹನ ನಿಲುಗಡೆಯಲ್ಲಿ ಪೆಟ್ಟಿಗೆ ತೆರೆಯಬೇಡಿ. ಮೂರು ಕಾಲಿನ ನಾಯಿ ಓಡಲಾರದು ಎಂದು ನಂಬಿದವರು ಅದು ಓಡುವುದನ್ನು ನೋಡುತ್ತಾ ನಿಂತಿದ್ದಾರೆ. ಮನೆಯೊಳಗೆ ಬಾಗಿಲು ಹಾಕಿದ ಕೋಣೆಯಲ್ಲಿ ತೆರೆಯಿರಿ. ಹೊರಗೆ ಹೋಗುವಾಗ ಹಾರ್ನೆಸ್‌ಗೆ ಒಂದು ಹಗ್ಗ, ಕುತ್ತಿಗೆಪಟ್ಟಿಗೆ ಇನ್ನೊಂದು.

ಮೊದಲ ಕೆಲಸ ಮೂತ್ರ ತೆಗೆಯುವುದು, ಎರಡನೆಯದು ನೀರು, ಮೂರನೆಯದು ಚರ್ಮದ ತಪಾಸಣೆ. ಕುಳಿತಾಗ ನೆಲಕ್ಕೆ ತಾಗುವ ಮೂಳೆ, ಸೊಂಟದ ಬದಿ, ಪಾದದ ಮೇಲ್ಭಾಗ, ತೊಡೆಯ ಒಳಬದಿ ಇವನ್ನು ಬೆಳಕಿನಲ್ಲಿ ನೋಡಿ. ಕೆಂಪಾದ ಚರ್ಮ ಒತ್ತಿ ಬಿಟ್ಟಾಗ ಬಿಳಿಯಾಗದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಆರಂಭ. ಸ್ನಾನ, ನೆಂಟರ ದರ್ಶನ, ಮನೆಯ ಇನ್ನೊಂದು ನಾಯಿಯೊಂದಿಗೆ ಮುಖಾಮುಖಿ, ಇವೆಲ್ಲ ಈ ದಿನಗಳಲ್ಲಿ ಬೇಡ. ಹಳೆಯ ಆಹಾರವನ್ನೇ ಒಂದು ವಾರ ಮುಂದುವರಿಸಿ. ಸ್ವಾಧೀನವಿಲ್ಲದ ನಾಯಿಗೆ ಭೇದಿಯಾದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ.

48 ಗಂಟೆಯೊಳಗೆ ಪಶುವೈದ್ಯರ ಭೇಟಿ. ಅಂದೇ ಮೂತ್ರದ ಕಲ್ಚರ್ ಮಾಡಿಸಿ, ಚಿಪ್ ಓದಿಸಿ, ಅದನ್ನು ನಿಮ್ಮ ಹೆಸರಿಗೆ ನೋಂದಾಯಿಸಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: 12 ಗಂಟೆಯಾದರೂ ಮೂತ್ರ ತೆಗೆಯಲಾಗದೆ ಹೊಟ್ಟೆ ಗಟ್ಟಿಯಾಗಿರುವುದು, ಮೂತ್ರದಲ್ಲಿ ರಕ್ತ, ಇದುವರೆಗೆ ಸರಿಯಿದ್ದ ಕಾಲು ಒಮ್ಮೆಲೇ ಸೋಲುವುದು, ವಸಡು ಬಿಳಿಚುವುದು, ಅರಿವಿಲ್ಲದ ಪಾದವನ್ನು ತಾನೇ ಕಚ್ಚಿ ತಿನ್ನುವುದು. ಕೊನೆಯದನ್ನು ‘ನೆಕ್ಕುತ್ತಿದೆ ಅಷ್ಟೇ’ ಎಂದು ಬಿಟ್ಟವರು ಬೆಳಗ್ಗೆ ಬೆರಳಿಲ್ಲದ ಪಾದ ನೋಡಿದ್ದಾರೆ. ಮೂತ್ರ ಮಬ್ಬಾಗಿದ್ದು ಗಬ್ಬು ವಾಸನೆ ಬರುತ್ತಿದ್ದರೆ ಮರುದಿನದೊಳಗೆ ತೋರಿಸಿ.

ಹಂತ 9: ಗಾಲಿ, ಆತುರವಿಲ್ಲದೆ

ತೂಕ ಸ್ಥಿರವಾದ ಮೇಲೆ ಅಳತೆ ಕೊಡಿ. ಮುಂಗಾಲುಗಳೂ ದುರ್ಬಲವಾಗಿದ್ದರೆ ಎರಡು ಗಾಲಿಯದು ಸಾಲದು, ನಾಲ್ಕು ಗಾಲಿಯದೇ ಬೇಕು. ಕೂರಿಸಿದಾಗ ಬೆನ್ನು ನೆಲಕ್ಕೆ ಸಮಾನಾಂತರವಾಗಿರಬೇಕು. ಹಿಂಭಾಗ ಎತ್ತರವಾದರೆ ಭಾರವೆಲ್ಲ ಭುಜಕ್ಕೆ, ತಗ್ಗಾದರೆ ಪಟ್ಟಿ ತೊಡೆಸಂದಿಯನ್ನು ಕೊಯ್ಯುತ್ತದೆ.

ಮೊದಲ ವಾರ ಹತ್ತು ನಿಮಿಷ ಸಾಕು, ಸಮತಟ್ಟಾದ ನೆಲದಲ್ಲಿ, ಮುಂದೆ ತಿಂಡಿ ಹಿಡಿದು. ಪ್ರತಿ ಬಾರಿ ಬಿಚ್ಚಿದ ಮೇಲೆ ಪಟ್ಟಿ ತಾಗಿದ ಚರ್ಮ ನೋಡಿ. ಗಾಲಿಯಲ್ಲಿ ನಾಯಿ ಮಲಗಲಾರದು, ಪಕ್ಕಕ್ಕೆ ಉರುಳಿದರೆ ಏಳಲಾರದು. ಹಾಗಾಗಿ ಅದನ್ನು ಕಟ್ಟಿ ಬೇರೆ ಕೆಲಸಕ್ಕೆ ಹೋಗಬಾರದು. ಕೆಲವು ನಾಯಿಗಳು ಗಾಲಿಯನ್ನು ಕಂಡರೆ ಹೆಪ್ಪುಗಟ್ಟಿ ನಿಲ್ಲುತ್ತವೆ. ಅಂಥವುಗಳಿಗೆ ಎರಡು ವಾರ ಬರೀ ಪಕ್ಕದಲ್ಲಿಟ್ಟು ಊಟ ಹಾಕಿ. ಕೊನೆಗೂ ಒಪ್ಪದೆ ನೆಲದ ಮೇಲೆ ತೆವಳುವುದನ್ನೇ ಇಷ್ಟಪಡುವ ನಾಯಿಗಳೂ ಇವೆ. ಅವಕ್ಕೆ ಹಿಂಭಾಗವನ್ನೂ ಹಿಂಗಾಲುಗಳನ್ನೂ ಮುಚ್ಚಿ, ತೆವಳುವಾಗ ಚರ್ಮ ಉಜ್ಜದಂತೆ ತಡೆಯುವ ಎಳೆಚೀಲ ತೊಡಿಸಿ, ಗಂಟೆಗೊಮ್ಮೆ ಬಿಚ್ಚಿ ಒಣಗಿಸಿ.

ಬಂದ ದಿನದಿಂದ ಆರು ತಿಂಗಳು ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂದು ಹೃದಯ ಹುಳುವಿನ ಎರಡನೆಯ ಪರೀಕ್ಷೆ, ಲೀಶ್ಮೇನಿಯಾ ಪ್ರದೇಶದಿಂದ ಬಂದಿದ್ದರೆ ಅದರದ್ದೂ, ಜೊತೆಗೆ ಮತ್ತೊಂದು ಮೂತ್ರ ಕಲ್ಚರ್, ನಾಯಿ ಎಷ್ಟೇ ಲವಲವಿಕೆಯಿಂದಿದ್ದರೂ.